ಬೇರಿಲ್ಲದ ಹಸಿರು

ಹುಬ್ಬಳ್ಳಿಗೆ ಮೂಲವ್ಯಾಧಿ ಹತ್ತಿದ್ದು ಖಾರದಿಂದಲ್ಲ, ಕಾನೂನಿನಿಂದ.

ಅದಕ್ಕೆ ಮೊದಲು ‘ಕೇಳ್ರಿ-ಹೇಳ್ರಿ’ ಎಂಬ ಜಾಲತಾಣದಲ್ಲಿ ಯಾರು ಏನು ಬೇಕಾದರೂ ಕೇಳಬಹುದಿತ್ತು, ಯಾರು ಏನು ಬೇಕಾದರೂ ಹೇಳಬಹುದಿತ್ತು. ಕೂದಲು ಉದುರಿದರೆ ಏನು ಹಚ್ಚಬೇಕು ಎಂದು ಒಬ್ಬ ಕೇಳಿದರೆ ತಲೆಯೇ ಇಲ್ಲದವರೂ ಉತ್ತರ ಕೊಡುತ್ತಿದ್ದರು. ಅಂಥದ್ದೊಂದು ಉತ್ತರ ನಂಬಿ ಊರಿಗೆ ಊರೇ ಭೇದಿ ಹಿಡಿದು ಮಲಗಿತು. ಊರು ಮಲಗಿದ ಮೇಲೆ ಸರ್ಕಾರ ಎದ್ದಿತು. ಇನ್ನು ಮುಂದೆ ಪ್ರತಿ ಉತ್ತರಕ್ಕೂ ಮೂಲ ಕೊಡಬೇಕು. ಎಲ್ಲಿ ಓದಿದಿರಿ, ಯಾರು ಬರೆದದ್ದು, ಅದರ ಕೊಂಡಿ ಹಾಕಬೇಕು ಎಂದಿತು. ಕೊಂಡಿ ಹಿಡಿದು ಹುಡುಕಲು ‘ಬೇರು’ ಎಂಬ ಯಂತ್ರ ಬಂತು. ಮೂಲ ಸಿಕ್ಕ ಉತ್ತರ ಹಸಿರಾಗಿ ಎಲ್ಲರ ಕಣ್ಣಿಗೆ ಬೀಳುತ್ತಿತ್ತು. ಮೂಲ ಸಿಗದ್ದು ಬೂದಿ ಬಣ್ಣಕ್ಕೆ ತಿರುಗಿ ಮೂಲೆ ಸೇರುತ್ತಿತ್ತು.

ಹಿಂದೆಯೇ ‘ಗಿಳಿ’ ಬಂತು. ಕಿವಿಗೆ ಸಿಕ್ಕಿಸಿಕೊಳ್ಳುವ ಸಣ್ಣ ಸಲಕರಣೆ. ಫೋನಿನಲ್ಲಾಗಲಿ, ನೇರ ಪ್ರಸಾರದಲ್ಲಾಗಲಿ ಯಾರಾದರೂ ಮೂಲವಿಲ್ಲದ ಸಂಗತಿ ಹೇಳಿದರೆ ಗಿಳಿ ಆ ಮಾತಿನ ಮೇಲೆ ‘ಗುಂಯ್’ ಎಂಬ ಸದ್ದು ಹೊದಿಸುತ್ತಿತ್ತು. ಹಾಕಿಕೊಳ್ಳಲೇಬೇಕೆಂಬ ಒತ್ತಾಯವೇನೂ ಇರಲಿಲ್ಲ. ಆದರೆ ಹಾಕಿಕೊಳ್ಳದವರನ್ನು ಜನ ಹಲ್ಲುಜ್ಜದವರನ್ನು ನೋಡಿದಂತೆ ನೋಡುತ್ತಿದ್ದರು.

ಪ್ರಭಾವತಿ ಹಂಚಿನಾಳ ‘ಕೇಳ್ರಿ-ಹೇಳ್ರಿ’ಯ ನಿಯಂತ್ರಣ ಕೊಠಡಿಯಲ್ಲಿ ಮೇಲ್ವಿಚಾರಕಿ. ಮೂಲ ಎಲ್ಲಿ, ಮೂಲ ಎಲ್ಲಿ ಎಂದು ಲೋಕವನ್ನೆಲ್ಲ ಕೇಳುವುದು ಅವಳ ಕಸುಬು. ಮನೆಗೆ ಬಂದರೆ ಆ ಕಸುಬನ್ನು ಸಂಬಳವಿಲ್ಲದೆ ಮಾಡುವ ಗಂಡನಿದ್ದ. ಗದಿಗೆಪ್ಪ ದುರ್ಗದಬೈಲಿನ ಹತ್ತಿರ ಇನ್ವರ್ಟರ್ ಬ್ಯಾಟರಿ ಮಾರುತ್ತಿದ್ದ. ಗಿರಾಕಿ ಇಲ್ಲದ ಹೊತ್ತಿನಲ್ಲಿ, ಅಂದರೆ ಇಡೀ ದಿನ, ಜಾಲತಾಣದಲ್ಲಿ ಉತ್ತರ ಬರೆಯುತ್ತಿದ್ದ.

ಆ ಭಾನುವಾರ ಬೆಳಿಗ್ಗೆ ಅವನ ತಾಯಿ ನಾಗವ್ವ ತಟ್ಟೆ ಸರಿಸಿದಳು.

“ಉಪ್ಪಿಟ್ಟಿಗೆ ಉಪ್ಪು ಕಡಿಮಿ ಆಗೇತಿ.”

“ಮೂಲ ಏನವ್ವಾ?” ಗದಿಗೆಪ್ಪ ಫೋನಿನಿಂದ ತಲೆ ಎತ್ತಲಿಲ್ಲ.

“ನನ್ನ ನಾಲಗಿ ಐತಲ್ಲೋ!”

“ನಾಲಗಿ ಮೂಲ ಆಗೂದಿಲ್ಲ. ಎಲ್ಲಿ ಪ್ರಕಟ ಆಗೇತಿ ಅದನ್ನ ಹೇಳು.”

“ನಿನ್ನ ಪ್ರಕಟ ಮಾಡಿದಾಕೀನ ನಾನು. ಮುಚಗೊಂಡು ತಿನ್ನು.”

ಬೇರೆ ದಿನವಾಗಿದ್ದರೆ ಪ್ರಭಾವತಿ ನಗುತ್ತಿದ್ದಳು. ಹಿಂದಿನ ದಿನದಿಂದ ಅವಳಿಗೆ ನಿಂತಲ್ಲಿ ನಿಲ್ಲಲು, ಕುಳಿತಲ್ಲಿ ಕೂರಲು ಆಗುತ್ತಿರಲಿಲ್ಲ. ಕಾರಣ ಕಾಲನಿಯ ಹಿಂದಿನ ಹಳೆಯ ಟಾಕಿ. ಹತ್ತಿ ಗಿರಣಿ ನಡೆಯುತ್ತಿದ್ದ ಕಾಲಕ್ಕೆ ನೀರು ತುಂಬಿಡಲು ನೆಲದೊಳಗೆ ಕಟ್ಟಿಸಿದ್ದು. ಗಿರಣಿ ನಿಂತ ಮೇಲೆ ಅದರ ಬಾಯಿಗೆ ಕಲ್ಲಿನ ಹಾಸು ಹಾಕಿ ಮುಚ್ಚಿದ್ದರು. ಈಗ ಕಾಲನಿಯವರು ಅದನ್ನು ತೊಳೆಸಿ ಬಳಸುವುದೆಂದು ಗೊತ್ತು ಮಾಡಿದ್ದರು. ಮೊದಲು ಇಳಿದು ನೋಡುವವನು ತಾನೇ ಎಂದು ಗದಿಗೆಪ್ಪ ಕೈ ಎತ್ತಿದ್ದ.

ಅದಕ್ಕೆ ಕಾರಣವೂ ಇತ್ತು. ‘ಮುಚ್ಚಿದ ಬಾವಿ, ಟಾಕಿಗಳಿಗೆ ಇಳಿಯುವುದು ಹೇಗೆ?’ ಎಂಬ ಪ್ರಶ್ನೆಗೆ ಅವನು ಬರೆದ ಉತ್ತರ ಇಡೀ ಜಾಲತಾಣದಲ್ಲೇ ಗಾಢ ಹಸಿರಿನದು. ‘ಉರಿಯುವ ದೀಪವನ್ನು ಒಳಗೆ ಇಳಿಸಿ. ಆರಿದರೆ ಗಾಳಿ ಕೆಟ್ಟಿದೆ. ಉರಿದರೆ ನಿಶ್ಚಿಂತೆಯಿಂದ ಇಳಿಯಿರಿ.’ ಇದನ್ನು ನೇರ ಪ್ರಸಾರದಲ್ಲಿ ಮಾಡಿ ತೋರಿಸಿದರೆ ಅವನಿಗೆ ‘ಹೆಮ್ಮರ’ ಎಂಬ ಬಿರುದು ಖಾತ್ರಿಯಾಗಿತ್ತು.

“ಟಾಕಿ ತೊಳಿಯಾಕ ಮಷಿನ್ ಇರ್ತಾವಂತ್ರಿ. ಅವರನ್ನ ಕರಸ್ರಿ, ನೀವ್ಯಾಕ ಇಳೀತೀರಿ?” ಎಂದಳು ಪ್ರಭಾವತಿ, ಚಪ್ಪಲಿ ಮೆಟ್ಟುತ್ತ.

“‘ಇರ್ತಾವಂತ’ ಅಂದ್ರ? ಯಾರ್ ಹೇಳ್ಯಾರ? ಮೂಲ?”

ದಿನಕ್ಕೆ ನೂರಾರು ಮಂದಿಯ ಬಾಯಿ ಮುಚ್ಚಿಸುತ್ತಿದ್ದ ಪ್ರಶ್ನೆ ಅವಳ ಬಾಯನ್ನೂ ಮುಚ್ಚಿಸಿತು.

* * *

ನಿಯಂತ್ರಣ ಕೊಠಡಿಯಲ್ಲಿ ಭಾನುವಾರ ಇಬ್ಬರೇ: ಪ್ರಭಾವತಿ ಮತ್ತು ಅವಳ ಮೇಲಧಿಕಾರಿ ಕಿಣಿ ಸರ್. ಕಿಣಿ ಕುಂದಾಪುರದ ಕಡೆಯವರು, ಒಳ್ಳೆಯವರು, ನಿಯಮ ಬಿಟ್ಟು ಕದಲದವರು. ಗೋಡೆಯ ತುಂಬ ಹಸಿರು ಗೆರೆಗಳು ಟಿಸಿಲೊಡೆದು ಹರಡಿದ್ದವು. ಬೇರು ಕೆಲಸ ಮಾಡುತ್ತಿತ್ತು.

ಅದರ ಕೆಲಸ ಹೀಗೆ. ಒಂದು ಉತ್ತರ ಬಂದರೆ ಅದರ ಮೂಲಕ್ಕೆ ಇಳಿಯುವುದು. ಅಲ್ಲಿಂದ ಆ ಮೂಲದ ಮೂಲಕ್ಕೆ. ಅಲ್ಲಿಂದ ಅದರ ಮೂಲಕ್ಕೆ. ಮೂರು ಹೆಜ್ಜೆ. ಅಲ್ಲಿಯೂ ಏನಾದರೂ ಹಸಿರು ಕಂಡರೆ ಸರಿ, ಇದಕ್ಕೆ ಬುಡವಿದೆ ಎಂದು ಮೇಲೆ ಬರುವುದು. ನಾಲ್ಕನೆಯ ಹೆಜ್ಜೆ ಇಡುವಂತಿರಲಿಲ್ಲ. ಕೋಟಿಗಟ್ಟಲೆ ಉತ್ತರಗಳಿಗೆ ಇನ್ನೊಂದು ಹೆಜ್ಜೆ ಎಂದರೆ ಇನ್ನೊಂದು ಊರಿಗೆ ಸಾಲುವಷ್ಟು ಕರೆಂಟು. ಯಂತ್ರ ಓದುತ್ತಲೂ ಇರಲಿಲ್ಲ. ಎಣಿಸುತ್ತಿತ್ತು ಅಷ್ಟೇ.

ಬೂದಿ ಬಣ್ಣದವು ಸಾಲಾಗಿ ಪ್ರಭಾವತಿಯ ಮುಂದೆ ಬರುತ್ತಿದ್ದವು, ಅಳಿಸಲು. ‘ಹೆಂಡತಿ ಸಿಟ್ಟಾದಾಗ ಏನು ಮಾಡಬೇಕು?’ ‘ಸುಮ್ಮನಿರಬೇಕು. ಮೂಲ: ಸಂಸಾರ.’ ಅಳಿಸಿದಳು. ‘ನಮ್ಮ ಓಣಿಯಲ್ಲಿ ನಳಕ್ಕೆ ನೀರು ಬಂದಿದೆಯೇ?’ ‘ಬಂದಿದೆ, ಕೊಡ ತುಂಬಾಕತ್ತೀನಿ.’ ಮೂಲವಿಲ್ಲ, ಅಳಿಸಿದಳು. ಕೈ ತನ್ನಷ್ಟಕ್ಕೆ ಓಡುತ್ತಿತ್ತು, ಕಣ್ಣು ಗಡಿಯಾರದ ಮೇಲಿತ್ತು. ಹನ್ನೊಂದಕ್ಕೆ ಟಾಕಿಯ ಬಾಯಿ ತೆರೆಯುತ್ತಾರೆ.

ಆಗ ಇದು ಬಂತು.

‘ದೀಪ ನಂಬಬ್ಯಾಡ್ರಿ. ನನ್ನ ತಮ್ಮ ಹಳೇ ಟಾಕಿಗೆ ಇಳಿಯೂ ಮೊದಲ ಕಂದೀಲ ಇಳಿಸಿದ್ವಿ. ಚಂದಂಗ ಉರೀತು. ಅವ ಇಳಿದ. ದೀಪ ಆರಲಿಲ್ರಿ. ಅವ ಆರಿದ.’

ಬರೆದವರು ನರಗುಂದದ ರೇಣವ್ವ. ಮೂಲದ ಜಾಗದಲ್ಲಿ ಇದ್ದದ್ದು: ‘ನಾನು. ಅಲ್ಲೇ ನಿಂತಿದ್ದೆ.’

ಪಕ್ಕದಲ್ಲಿ ಯಂತ್ರದ ಟಿಪ್ಪಣಿ. ಇದೇ ಉತ್ತರ ಮೂರನೆಯ ಸಲ ಬಂದಿದೆ. ಮೊದಲ ಸಲ ಮೂಲದ ಜಾಗ ಖಾಲಿ. ಎರಡನೆಯ ಸಲ ‘ದೇವರಾಣಿ’. ಎರಡೂ ಸಲ ಅಳಿಸಿದವರು: ಪಿ. ಹಂಚಿನಾಳ.

ಓಡುತ್ತಿದ್ದ ಕೈ ನಿಂತಿತು.

“ಎಂತ ಮೇಡಂ, ಗಾಡಿ ನಿಂತೇ ಹೋಯ್ತು?” ಕಿಣಿ ಚಹಾದ ಲೋಟ ಹಿಡಿದು ಬಂದು ಬಗ್ಗಿ ಓದಿದರು. ಮುಖ ಸಣ್ಣದಾಯಿತು. “ಪಾಪ. ಆದರೆ ಮೂಲ ಇಲ್ಲ ಅಲ್ವಾ?”

“ಆಕೀನ ಮೂಲ ಅಲ್ರಿ ಸರ್? ಕಣ್ಣಾರೆ ನೋಡ್ಯಾಳ.”

“ನಾಳೆ ಇನ್ನೊಬ್ಬ ಬಂದು, ಗಂಜಿಯಲ್ಲಿ ಕ್ಯಾನ್ಸರ್ ಹೋದದ್ದು ಕಣ್ಣಾರೆ ಕಂಡೆ ಹೇಳ್ತಾನೆ. ಅವನನ್ನೂ ಹಸಿರು ಮಾಡುವುದಾ? ಯಾರು ಕಂಡದ್ದು, ಯಾರು ಕಟ್ಟಿದ್ದು, ಇಲ್ಲಿ ಕೂತು ನಮಗೆ ಹೇಗೆ ಗೊತ್ತಾಗ್ಬೇಕು ಮಾರಾಯ್ರೆ?”

ಆ ಮಾತು ತಪ್ಪೆನ್ನುವಂತಿರಲಿಲ್ಲ. ಕಿಣಿ ತಮ್ಮ ಕೋಣೆಗೆ ಹೋದರು. ಪ್ರಭಾವತಿ ರೇಣವ್ವನ ಉತ್ತರ ಬದಿಗಿಟ್ಟು, ಗಂಡನ ದೀಪದ ಉತ್ತರ ತೆರೆದಳು. ಹೋಗಲಿ, ಇಷ್ಟು ಹಸಿರಿಗೆ ಬುಡ ಎಲ್ಲಿದೆ ನೋಡೋಣ ಎಂದು ಯಂತ್ರವನ್ನು ಬಿಟ್ಟು ಕೈಯಿಂದಲೇ ಇಳಿಯತೊಡಗಿದಳು.

ಮೊದಲ ಹೆಜ್ಜೆ: ಗದಿಗೆಪ್ಪನ ಉತ್ತರಕ್ಕೆ ಮೂಲ ಬಸರಕೋಡ ಮಾಸ್ತರ ಬರೆದ ಉತ್ತರ. ಎರಡನೆಯದು: ಮಾಸ್ತರನಿಗೆ ಮೂಲ ಟೇಲರ್ ದಾವಲಸಾಬ. ಮೂರನೆಯದು: ದಾವಲಸಾಬನಿಗೆ ಮೂಲ ವಕೀಲ ದೇಸಾಯಿ. ಯಂತ್ರ ಇಲ್ಲಿ ನಿಂತು ಸಲಾಮು ಹೊಡೆದು ವಾಪಸಾಗಿತ್ತು. ಪ್ರಭಾವತಿ ಇನ್ನೊಂದು ಹೆಜ್ಜೆ ಇಟ್ಟಳು. ದೇಸಾಯಿಗೆ ಮೂಲ: ಗದಿಗೆಪ್ಪ ಹಂಚಿನಾಳ.

ನಾಲ್ವರೂ ಅವಳಿಗೆ ಗೊತ್ತಿದ್ದವರೇ. ದಿನಾ ಸಂಜೆ ಒಂದೇ ಚಹಾದಂಗಡಿಯ ಒಂದೇ ಬೆಂಚಿನ ಮೇಲೆ ಕೂರುವವರು. ಸುಳ್ಳರಲ್ಲ, ಮೋಸಗಾರರಲ್ಲ. ನಮ್ಮ ಮನೆಯ ಮದುವೆಯಲ್ಲಿ ಬಟ್ಟೆಯ ಉಡುಗೊರೆ ಮಾಡಿದವರಿಗೆ ಅವರ ಮನೆಯ ಮದುವೆಯಲ್ಲಿ ತಿರುಗಿ ಮಾಡುವುದು ಈ ಕಡೆಯ ರೂಢಿ. ಅದಕ್ಕೆ ಆಯೇರಿ ಎನ್ನುತ್ತಾರೆ. ಆಯೇರಿ ಪಡೆದು ಸುಮ್ಮನೆ ಕೂತವನ ಮುಖವನ್ನು ಬೀಗರು ಮುಂದಿನ ಮೂರು ಮದುವೆಯವರೆಗೆ ನೋಡುವುದಿಲ್ಲ. ಈ ನಾಲ್ವರು ಅದೇ ಮರ್ಯಾದೆಯನ್ನು ಮೂಲಕ್ಕೂ ತಂದಿದ್ದರು. “ಮಾಸ್ತರು ನಂಗ ಮೂಲ ಹಾಕ್ಯಾರ. ನಾ ಹಾಕಲಿಲ್ಲಂದ್ರ ಏನ್ ಚಂದ?” ಎಂದು ಗದಿಗೆಪ್ಪ ಎಷ್ಟೋ ಸಲ ಅಂದದ್ದನ್ನು ಅವಳೇ ಕೇಳಿದ್ದಳು, ನಕ್ಕಿದ್ದಳು. ನಾಲ್ವರೂ ಚಿಕ್ಕಂದಿನಲ್ಲಿ ಯಾರ ಬಾಯಲ್ಲೋ ಕೇಳಿದ ದೀಪದ ಮಾತು, ಹೀಗೆ ಆಯೇರಿಯಾಗಿ ಸುತ್ತಿ ಸುತ್ತಿ ಹಸಿರಾಗಿತ್ತು. ಅದನ್ನು ನೋಡಿ ಇನ್ನೊಬ್ಬ, ಅವನನ್ನು ನೋಡಿ ಮತ್ತೊಬ್ಬ. ನಾಡಿನ ಅರ್ಧ ಜನ ಆ ಬೆಂಚಿಗೆ ಒರಗಿದ್ದರು. ಬೆಂಚಿಗೆ ಕಾಲೇ ಇರಲಿಲ್ಲ.

ಅವಳು ಯೋಚಿಸಿದಳು. ಉರಿಯುವಷ್ಟು ಗಾಳಿ ಸಿಕ್ಕರೆ ದೀಪ ಉರಿಯುತ್ತದೆ. ಆ ಗಾಳಿಯಲ್ಲಿ ವಿಷ ಬೆರೆತಿದ್ದರೆ ಅದಕ್ಕೇನು? ದೀಪಕ್ಕೆ ಎದೆಗೂಡಿಲ್ಲ.

ಗಡಿಯಾರ ನೋಡಿದಳು. ಫೋನು ಕೈಗೆತ್ತಿಕೊಂಡಳು.

“ರೀ, ಇಳಿಯಬ್ಯಾಡ್ರಿ! ದೀಪ ಉರಿದ್ರೂ ಒಳಗ ವಿಷದ ಗಾಳಿ ಇರ್ತೈತಿ!”

“ಪ್ರಭಾ? ಗುಂಯ್ ಅನ್ನಾಕತ್ತೇತಿ ಗಿಳಿ. ಇಳಿಯಬ್ಯಾಡ್ರಿ ಅಂದಿದ್ದು ಕೇಳಿಸ್ತು, ಮುಂದಿಂದು ಬರೇ ಗುಂಯ್. ಮೂಲ ಹಾಕಿ ಹೇಳು.”

“ಆ ಗಿಳಿ ಕಿತ್ತಿಡ್ರಿ ಮೊದಲ! ನಿಮ್ಮ ಉತ್ತರ ನಿಮ್ಮ ಸುತ್ತಾನ ತಿರುಗೇತಿ. ದೇಸಾಯರಿಗೆ ನೀವ ಮೂಲ!”

“ಮತ್ತ ಗುಂಯ್. ಆಮ್ಯಾಲೆ ಮಾಡು, ಮಂದಿ ಕಾಯಾಕತ್ತಾರ.”

ಫೋನಿಟ್ಟ. ಅವಳು ನಿಜವಾದ ಮೂಲಕ್ಕಾಗಿ ಹುಡುಕಿದಳು. ಎಲ್ಲೋ ಇದ್ದೇ ಇರಬೇಕು. ಆದರೆ ಹುಡುಕಾಟದಲ್ಲಿ ಹೆಚ್ಚು ಹಸಿರಿನವು ಮೊದಲು ಬರುತ್ತಿದ್ದವು. ಮೊದಲ ಪುಟ ದೀಪ. ಎರಡನೆಯ ಪುಟ ದೀಪ. ಪುಟ ತಿರುಗಿಸಿದಷ್ಟೂ ದೀಪಾವಳಿ.

ಒಂದು ಅಡ್ಡದಾರಿ ಇತ್ತು. ರೇಣವ್ವನ ಉತ್ತರಕ್ಕೆ ಯಾವುದಾದರೂ ಹಸಿರು ಪುಟದ ಕೊಂಡಿ ಅಂಟಿಸಿದರೆ ಸಾಕು. ಮೂಲಂಗಿ ಬೆಳೆಯುವುದು ಹೇಗೆ ಎಂಬ ಪುಟವಾದರೂ ನಡೆದೀತು, ಯಂತ್ರ ಓದುವುದಿಲ್ಲವಲ್ಲ. ಕ್ಷಣದಲ್ಲಿ ಹಸಿರು. ಅವಳ ಬೆರಳು ಅಲ್ಲಿಯವರೆಗೆ ಹೋಯಿತು. ಹೋಗಿ ನಿಂತಿತು. ಹಾಗೆ ಮಾಡಿದರೆ ರೇಣವ್ವ ಆ ಬೆಂಚಿನ ಮೇಲೆ ಐದನೆಯವಳಾಗಿ ಕೂರುತ್ತಾಳೆ. ಅದೂ ಅಲ್ಲದೆ, ಸಾವಿರ ಬೇರಿನ ದೀಪದ ಮುಂದೆ ಒಂದು ಕೊಂಡಿಯ ಉತ್ತರವನ್ನು ತನ್ನ ಗಂಡ ತಿರುಗಿಯೂ ನೋಡುವವನಲ್ಲ.

ಮೇಲ್ವಿಚಾರಕರಿಗೆ ಇನ್ನೊಂದು ಅಧಿಕಾರವಿತ್ತು. ಯಾವ ಉತ್ತರದ ಬಣ್ಣವನ್ನಾದರೂ ಕೈಯಿಂದ ಬದಲಿಸಬಹುದು. ಕೆಳಗೆ ತಮ್ಮ ಹೆಸರು, ಕಾರಣ ಬರೆಯಬೇಕು. ತಪ್ಪಾದರೆ ಕೆಲಸ ಹೋಗುತ್ತದೆ. ಈವರೆಗೆ ಯಾರೂ ಆ ಗುಂಡಿ ಒತ್ತಿರಲಿಲ್ಲ. ತೆರೆಯ ಮೇಲಿನ ಗುಂಡಿಗೆ ಧೂಳು ಕೂರುವುದಿಲ್ಲ, ಇಲ್ಲವಾದರೆ ಕೂತಿರುತ್ತಿತ್ತು.

ಗಂಡನ ದೀಪದ ಉತ್ತರದ ಕೆಳಗೆ ಬರೆದಳು: ‘ಈ ಉತ್ತರಕ್ಕೆ ಈ ಉತ್ತರವೇ ಮೂಲ. ಪ್ರಭಾವತಿ ಹಂಚಿನಾಳ.’ ಒತ್ತಿದಳು.

ಗೋಡೆಯ ಮೇಲೆ ಒಂದು ಗೆರೆ ಬೂದಿಯಾಯಿತು. ಅದಕ್ಕೆ ಅಂಟಿದ್ದು, ಅದಕ್ಕಂಟಿದ್ದು, ಅದರ ಬುಡಕ್ಕಂಟಿದ್ದು. ಸೀರೆಯ ಸೆರಗಿಗೆ ಬೆಂಕಿ ಹತ್ತಿದಂತೆ ಬೂದಿ ಹರಿದು ಹೋಯಿತು. ಪಕ್ಕದ ಕೋಣೆಯಲ್ಲಿ ಕಿಣಿಯವರ ಚಹಾದ ಲೋಟ ನೆಲಕ್ಕೆ ಬಿತ್ತು.

ಅವಳು ಆಗಲೇ ರೇಣವ್ವನ ಖಾತೆಯಲ್ಲಿದ್ದ ನರಗುಂದದ ನಂಬರಿಗೆ ಹಚ್ಚಿದ್ದಳು.

“ಮತ್ತ ಅಳಿಸಿದ್ರೇನ್ರಿ?” ಆ ಕಡೆಯ ಹೆಣ್ಣು ದನಿ ಹಲೋ ಕೂಡ ಅನ್ನಲಿಲ್ಲ.

“ಇಲ್ಲವ್ವಾ. ನನ್ನ ಗಂಡ ಟಾಕಿಗೆ ಇಳಿಯಾಕ ನಿಂತಾನ. ನನ್ನ ಮಾತು ಕೇಳವಲ್ಲ. ನೀನು ಒಂದ್ ಮಾತು ಹೇಳ್ತೀ?”

“ಹಚ್ಚಿ ಕೊಡ್ರಿ.”

* * *

ತೆರೆಯ ಮೇಲೆ ನೇರ ಪ್ರಸಾರ ನಡೆದಿತ್ತು; ದಾವಲಸಾಬ ಚಿತ್ರ ತೆಗೆಯುತ್ತಿದ್ದ. ಕಲ್ಲಿನ ಹಾಸು ಸರಿಸಿದ್ದರು. ಚಡ್ಡಿ ಬನಿಯನ್ನಿನಲ್ಲಿ, ತಲೆಗೆ ಟವೆಲ್ ಸುತ್ತಿಕೊಂಡು ಗದಿಗೆಪ್ಪ ಟಾಕಿಯ ಬಾಯಿಯಲ್ಲಿ ನಿಂತಿದ್ದ. ಸುತ್ತ ಕಾಲನಿಯ ಮಂದಿ. ಅವನ ಫೋನು ನಾಗವ್ವನ ಕೈಯಲ್ಲಿತ್ತು.

“ನೋಡ್ರಿ, ಕಂದೀಲ ತಳಾ ಮುಟ್ಟೇತಿ. ಹೆಂಗ ಉರಿಯಾಕತ್ತೇತಿ ನೋಡ್ರಿ! ಅಂದ್ರ ಗಾಳಿ ಶುದ್ಧ...”

ಅಲ್ಲಿಗೆ ಅವನ ಮಾತು ಗುಂಯ್ ಎಂದಿತು. ನೆರೆದವರೆಲ್ಲ ಪ್ರಸಾರವನ್ನು ಕಿವಿಗೆ ಹಾಕಿಕೊಂಡಿದ್ದರು. ಎಲ್ಲರ ಕಿವಿಯಲ್ಲೂ ಗುಂಯ್. ಜೇನುಗೂಡಿಗೆ ಕಲ್ಲು ಬಿದ್ದಂತಾಯಿತು.

“ಗದಿಗೆಪ್ಪಣ್ಣ, ನಿನ್ನ ಉತ್ತರ ಬೂದಿ ಆತಲೋ!” ದಾವಲಸಾಬ ಕೂಗಿದ. “ನಂದೂ ಆತು! ಮಾಸ್ತರದೂ!”

“ಬೂದಿ ಆದ್ರ ಸುಳ್ಳು ಅಂತಲ್ಲ!” ಗದಿಗೆಪ್ಪ ಕೆಂಪಾದ. “ಸಣ್ಣಾವಿದ್ದಾಗಿಂದ ಕೇಳ್ಕೋತ ಬಂದೀನಿ. ಎಲ್ಲಾರಿಗೂ ಗೊತ್ತಿದ್ದ ಮಾತಿಗೆ ಮೂಲ ಯಾಕ ಬೇಕ್ರಿ?”

ತೆರೆಯ ಈಚೆ ಪ್ರಭಾವತಿ ಹಣೆ ಚಚ್ಚಿಕೊಂಡಳು. ಹೆತ್ತ ತಾಯಿಯ ನಾಲಗೆಗೆ ಮೂಲ ಕೇಳಿದ್ದ ಮನುಷ್ಯ! ಅವನು ಕಿವಿಯ ಗಿಳಿಯನ್ನು ಕಿತ್ತು ಚಡ್ಡಿಯ ಕಿಸೆಗೆ ತುರುಕಿದ. ಏಣಿಯ ಮೇಲೆ ಒಂದು ಕಾಲಿಟ್ಟ, ಇನ್ನೊಂದಿಟ್ಟ. ಸೊಂಟದವರೆಗೆ ಒಳಗಾದ.

ಆಗ ನಾಗವ್ವನ ಕೈಯಲ್ಲಿ ಫೋನು ಬಡಕೊಂಡಿತು.

“ಅತ್ತಿ, ಸ್ಪೀಕರ್ ಹಾಕ್ರಿ, ಲಗೂನ!” ಎಂದಳು ಪ್ರಭಾವತಿ.

ನಾಗವ್ವ ಹಾಕಿದಳು. ಗಿಳಿಯಿಲ್ಲದ ಕಿವಿಗೆ ಮಾತು ಮಾತಿನ ಹಾಗೆಯೇ ಬಂತು.

“ಅಣ್ಣಾರ, ನಾ ನರಗುಂದದ ರೇಣವ್ವ. ನಿಮ್ಮ ಉತ್ತರ ನೋಡೇ ನಾವು ಕಂದೀಲ ಇಳಿಸಿದ್ವ್ರಿ.”

“ಹೌದೇನವ್ವಾ? ಉಪಯೋಗ ಆತಿಲ್ಲ?” ಗದಿಗೆಪ್ಪನ ಮುಖ ಅರಳಿತು.

“ನನ್ನ ತಮ್ಮ ಹೋದ.”

ಗದಿಗೆಪ್ಪ ಏಣಿಯ ಮೇಲೆ ಹಾಗೇ ನಿಂತ.

“ಕಂದೀಲ ಉರೀತಿತ್ತೇನು?” ದನಿ ಕುಗ್ಗಿತ್ತು.

“ಅವನ ತೆಲಿ ಬಾಜೂಕ ಉರಕೋತ ಕೂತಿತ್ರಿ. ಅದರ ಬೆಳಕಿನ್ಯಾಗ ಅವನ ಮಾರಿ ಕಾಣ್ತಿತ್ತು.” ರೇಣವ್ವ ಕೇಳಿದಳು: “ಮ್ಯಾಲೆ ಯಾರ್ ನಿಂತಾರ್ರಿ?”

“ನಮ್ಮವ್ವ.”

“ನೀವು ಬಿದ್ರ ಆಕಿ ಇಳೀತಾಳ್ರಿ. ನಮ್ಮಪ್ಪ ಹಂಗ ಇಳಿಯಾಕ ಹೊಂಟಿದ್ದ. ಧೋತರ ಹಿಡಿದು ಜಗ್ಗಿದ್ನಿ, ಕೈ ಕಚ್ಚಿದ್ರೂ ಬಿಡ್ಲಿಲ್ಲ. ಅಲ್ಲಿ ಯಾರ್ ಅದಾರ್ರಿ, ನಿಮ್ಮವ್ವನ್ನ ಹಿಡಿಯಾಕ?”

ಗದಿಗೆಪ್ಪ ತಲೆ ಎತ್ತಿ ತಾಯಿಯನ್ನು ನೋಡಿದ. ನಾಗವ್ವ ಫೋನನ್ನು ನೆಲಕ್ಕಿಟ್ಟು ಆಗಲೇ ಸೀರೆಯ ಕಚ್ಚೆ ಬಿಗಿಯುತ್ತಿದ್ದಳು.

“ಇಳೀ ನೀ,” ಎಂದಳು. “ನಿನ್ನ ಹಿಂದ ನಾನೂ ಬಂದ್ನಿ.”

ದಾವಲಸಾಬ ಮುಂದೆ ನುಗ್ಗಿದ, ಚಿತ್ರ ಓಲಾಡಿತು. ಟವೆಲ್, ಆಕಾಶ, ಯಾರದೋ ಚಪ್ಪಲಿ. ಪ್ರಭಾವತಿ ಎದ್ದು ನಿಂತು ತೆರೆಯನ್ನು ಎರಡೂ ಕೈಯಿಂದ ಹಿಡಿದಳು. ಚಿತ್ರ ನಿಂತಾಗ ಏಣಿಯ ಮೇಲೆ ಯಾರೂ ಇರಲಿಲ್ಲ. ಆಮೇಲೆ ಚಿತ್ರದ ಅಂಚಿನಲ್ಲಿ ಕಂಡ: ಮಣ್ಣಿನಲ್ಲಿ ಕೂತ ಗದಿಗೆಪ್ಪ, ಅವನ ಬನಿಯನ್ನನ್ನು ಮುಷ್ಟಿಯಲ್ಲಿ ಹಿಡಿದ ನಾಗವ್ವ. ಕೆಳಗೆ ಕಂದೀಲು ಚೆನ್ನಾಗಿಯೇ ಉರಿಯುತ್ತಿತ್ತು.

* * *

ಮಧ್ಯಾಹ್ನ ಅಗ್ನಿಶಾಮಕ ದಳದವರು ಬಂದು ಅಂಗೈಯಷ್ಟು ದೊಡ್ಡ ಮೀಟರನ್ನು ದಾರ ಕಟ್ಟಿ ಇಳಿಸಿದರು. ಅದು ಅರ್ಧ ದಾರಿಯಲ್ಲೇ ಚೀರತೊಡಗಿತು. ಅವರ ಅಧಿಕಾರಿ ಜೀಪಿನಿಂದ ತಮ್ಮ ಕೈಪಿಡಿ ತಂದು ತೋರಿಸಿದರು. ‘ದೀಪದಿಂದ ಪರೀಕ್ಷಿಸಕೂಡದು’ ಎಂದು ಅಚ್ಚಾಗಿತ್ತು, ಕಾರಣ ಸಮೇತ. ಯಾವ ಕಾಲದಿಂದಲೋ ಇತ್ತು. ಆದರೆ ಚಹಾದಂಗಡಿಯಲ್ಲಿ ಯಾರೂ ಅದಕ್ಕೆ ಆಯೇರಿ ಬಾಕಿ ಇಟ್ಟುಕೊಂಡಿರಲಿಲ್ಲ.

ನಿಯಂತ್ರಣ ಕೊಠಡಿಯಲ್ಲಿ ಕಿಣಿ ತಲೆಯ ಮೇಲೆ ಕೈ ಹೊತ್ತಿದ್ದರು. “ಎಂತ ಮಾಡಿಬಿಟ್ರಿ ಮೇಡಂ! ನಿಮ್ಮ ಒಂದು ಗುಂಡಿಗೆ ಅರ್ಧ ನಾಡು ಬೂದಿ. ಬಾಯಿಗೆ ಬಂದ ಹಾಗೆ ಬೈತಾ ಇದ್ದಾರೆ.”

“ಬೈಲಿ ಬಿಡ್ರಿ ಸರ್. ಬೈಗ್ಳಕ್ಕ ಮೂಲ ಬೇಕಾಗೂದಿಲ್ಲಲ್ಲ.”

“ಬೆಂಗಳೂರಿಂದ ವಿವರಣೆ ಕೇಳಿದ್ದಾರೆ. ನಿಮ್ಮ ಕೆಲಸ ಉಳೀತದೋ ಇಲ್ವೋ, ನಂಗೆ ಗೊತ್ತಿಲ್ಲ.” ಆಮೇಲೆ ತಗ್ಗಿದ ದನಿಯಲ್ಲಿ ಕೇಳಿದರು: “ಇಳೀಲಿಲ್ಲ ಅಲ್ವಾ ಅವರು?”

“ಇಲ್ರಿ.”

“ಅಷ್ಟಾಯ್ತಲ್ಲ,” ಎಂದು ಹೋಗಿ ಇನ್ನೊಂದು ಚಹಾ ತಂದು ಅವಳ ಮುಂದಿಟ್ಟರು.

ಮರುದಿನ ಸಂಜೆ ಗದಿಗೆಪ್ಪ ಅಂಗಡಿಗೂ ಹೋಗಿರಲಿಲ್ಲ, ಬೆಂಚಿಗೂ ಹೋಗಿರಲಿಲ್ಲ. ಫೋನು ಹಿಡಿದು ಬರೆಯುತ್ತಿದ್ದ, ಅಳಿಸುತ್ತಿದ್ದ. ಎದ್ದು ಬಾಗಿಲವರೆಗೆ ಹೋಗುತ್ತಿದ್ದ, ಮತ್ತೆ ಬಂದು ಕೂರುತ್ತಿದ್ದ.

“ಹೊಸಾ ಉತ್ತರ ಬರೀಬೇಕು, ಪ್ರಭಾ. ದೀಪ ನಂಬಬ್ಯಾಡ್ರಿ ಅಂತ. ವಿಷದ ಗಾಳಿ ಹೆಂಗ ಕೊಲ್ತೈತಿ ಅನ್ನೂದು ನಂಗೇನು ಗೊತ್ತು, ಅದಕ್ಕ ಕೈಪಿಡಿ ಹೆಸರು, ಪುಟ ಹಾಕೀನಿ. ಮೀಟರ್ ಚೀರಿದ್ದು ನಾನ ನೋಡೀನಿ, ನಾ ನೋಡಿದೆ ಅಂತಾನ ಬರ್ದೀನಿ. ಆದ್ರ...” ಅವನು ಫೋನು ಕೆಳಗಿಟ್ಟ. “ಆ ಹುಡುಗ ಹೋಗಿದ್ದು ನಾ ನೋಡಿಲ್ಲ. ಅದನ್ನ ಬರೀದ ಬಿಟ್ರ ಯಾರ್ ನಂಬ್ತಾರ? ಬರದ್ರ ಯಾರ್ ಹೆಸರು ಹಾಕ್ಲಿ?”

“ಆಕೀನ್ನ ಕೇಳ್ರಿ.”

ಅವನು ಹತ್ತು ಸಲ ಗಂಟಲು ಸರಿ ಮಾಡಿಕೊಂಡು ನರಗುಂದಕ್ಕೆ ಹಚ್ಚಿದ. ಕೊನೆಗೆ ಕೇಳಿದ: “ತಂಗೆವ್ವಾ, ನಿಂದು ಹೆಸರು ಮೂಲಾ ಅಂತ ಹಾಕ್ಲೇನು?”

“ನಂದು ಬ್ಯಾಡ್ರಿ ಅಣ್ಣಾರ. ಅವನ ಹೆಸರು ಹಾಕ್ರಿ. ಯಮನೂರಪ್ಪ. ಕೆಳಗ ಏನಿತ್ತು ಅನ್ನೂದು ಅವಂಗ ಗೊತ್ತು. ನಾ ಮ್ಯಾಲಿಂದ ಅಷ್ಟ ನೋಡೀನಿ.”

ಮಂಗಳವಾರ ಬೆಳಿಗ್ಗೆ ಆ ಉತ್ತರ ಬೂದಿ ಬಣ್ಣದಲ್ಲಿ ಪ್ರಭಾವತಿಯ ಸಾಲಿಗೆ ಬಂತು. ಕೈಪಿಡಿಯ ಕೊಂಡಿ ಸರಿಯಿತ್ತು. ಕೊನೆಯ ಸಾಲಿನ ಮುಂದೆ ಯಂತ್ರದ ಟಿಪ್ಪಣಿ ಮಿನುಗುತ್ತಿತ್ತು: ‘ಮೂಲ: ಯಮನೂರಪ್ಪ, ನರಗುಂದ. ಸಂಪರ್ಕಕ್ಕೆ ಸಿಗುತ್ತಿಲ್ಲ. ಮತ್ತೆ ಪ್ರಯತ್ನಿಸಲೇ?’

ಅವಳು ಯಾವ ಗುಂಡಿಯನ್ನೂ ಒತ್ತಲಿಲ್ಲ. ಯಂತ್ರ ತಾನೇ ಪ್ರಯತ್ನಿಸಿತು. ಸಿಗಲಿಲ್ಲ. ಮತ್ತೆ ಕೇಳಿತು, ಮತ್ತೆ ಪ್ರಯತ್ನಿಸಿತು. ಬಾಗಿಲು ಬಡಿದು, ಕಿವಿಗೊಟ್ಟು, ಪುನಃ ಬಡಿಯುವವರ ಹಾಗೆ.

‘ಬೇಡ’ ಎಂದು ಒತ್ತಿದಳು. ಆಮೇಲೆ ಕೈಯಿಂದಲೇ ಹಸಿರು ಕೊಟ್ಟು, ಕೆಳಗೆ ತನ್ನ ಹೆಸರು ಬರೆದಳು.